ರಿಕರ್ವ್ ಬಿಲ್ಲಿನ ಟ್ಯೂನಿಂಗ್: ಪ್ಲಂಜರ್ ಸರದಿ ಕೊನೆಗೆ

ರಿಕರ್ವ್ ಬಿಲ್ಲಿನಲ್ಲಿ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಬಾಣ ಎಡಕ್ಕೆ ಹೋಯಿತು ಎಂದ ಕೂಡಲೇ ಪ್ಲಂಜರ್, ಅಂದರೆ ಬಾಣಕ್ಕೆ ಪಕ್ಕದಿಂದ ಒತ್ತುಕೊಡುವ ಸ್ಪ್ರಿಂಗಿನ ಗುಂಡಿ, ತಿರುಗಿಸಲು ಹೋಗುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಹೆದೆ ಸರಿಯಿಲ್ಲದೆ ಮಾಡಿದ ಹೊಂದಾಣಿಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೊದಲು ಬ್ರೇಸ್ ಹೈಟ್, ಅಂದರೆ ಗ್ರಿಪ್ಪಿನ ಒಳತಗ್ಗಿನಿಂದ ಹೆದೆವರೆಗಿನ ಅಂತರ. 68 ಇಂಚಿನ ಬಿಲ್ಲಿಗೆ ಸಾಮಾನ್ಯವಾಗಿ 8.5ರಿಂದ 9 ಇಂಚು. ಹೆದೆಯನ್ನು ಇನ್ನಷ್ಟು ಹೊಸೆದರೆ ಅದು ಗಿಡ್ಡವಾಗಿ ಅಂತರ ಹೆಚ್ಚುತ್ತದೆ. ಒಂದಷ್ಟು ಸುತ್ತು ಹೊಸೆದು, ಹೊಡೆದು, ಕಿವಿಗೊಡಿ: ಸದ್ದೂ ಅದುರೂ ಎಲ್ಲಿ ಕಡಿಮೆಯೋ ಅಲ್ಲಿ ನಿಲ್ಲಿಸಿ. ಹೊಸ ಹೆದೆ ಜಗ್ಗುತ್ತದೆ, ಹಾಗಾಗಿ ಪ್ರತಿ ಅಭ್ಯಾಸಕ್ಕೆ ಮುಂಚೆ ಅಳೆಯಿರಿ.

ಆಮೇಲೆ ನಾಕ್, ಅಂದರೆ ಹೆದೆ ಕೂರಲು ಬಾಣದ ಹಿಂತುದಿಯಲ್ಲಿರುವ ಸೀಳು. ಬಾಣವನ್ನು ಹೆದೆಗೆ ಸಿಕ್ಕಿಸಿ ಕೆಳಮುಖವಾಗಿ ನೇತುಬಿಡಿ. ಹೆದೆಯನ್ನು ಬೆರಳಿನಿಂದ ಚುರುಕಾಗಿ ತಟ್ಟಿದರೆ ಬೀಳಬೇಕು. ತಟ್ಟುವ ಮೊದಲೇ ಬಿದ್ದರೆ ಸಡಿಲ. ಎಷ್ಟು ತಟ್ಟಿದರೂ ಕಚ್ಚಿಕೊಂಡಿದ್ದರೆ ಬಿಗಿ, ಹೆದೆಯ ನಡುವೆ ಸುತ್ತಿರುವ ಸರ್ವಿಂಗ್ ದಾರ ದಪ್ಪವಾಗಿದೆ. ಬಿಗಿಯಾದ ನಾಕ್ ಮುಂದಿನ ಪರೀಕ್ಷೆಯನ್ನೇ ಕೆಡಿಸುತ್ತದೆ.

ನಾಕಿಂಗ್ ಪಾಯಿಂಟನ್ನು, ಅಂದರೆ ಹೆದೆಯ ಮೇಲೆ ನಾಕ್ ಕೂರುವ ಜಾಗದ ಗುರುತನ್ನು, ಬೋ ಸ್ಕ್ವೇರ್ (ಹೆದೆಗೆ ಸಿಕ್ಕಿಸುವ T ಆಕಾರದ ಅಳತೆಪಟ್ಟಿ) ತೋರಿಸುವ, ಹೆದೆಗೆ ಲಂಬವಾದ ರೇಖೆಗಿಂತ ಸುಮಾರು 10 ಮಿಲಿಮೀಟರ್ ಮೇಲಿಟ್ಟು ಶುರುಮಾಡಿ. ಮೇಲಿನಿಂದ ಇಳಿಯುವುದೇ ಕ್ಷೇಮ. ತೀರಾ ಕೆಳಗಿದ್ದರೆ ಬಾಣ ತನ್ನನ್ನು ಹೊತ್ತಿರುವ ರೆಸ್ಟಿಗೆ ಬಡಿದು ಪುಟಿದು ಸುಳ್ಳು ಸೂಚನೆ ಕೊಡುತ್ತದೆ.

ಈಗ 18 ಮೀಟರಿನಿಂದ ಗರಿಯಿರುವ ಮೂರು ಬಾಣ, ಗರಿಯಿಲ್ಲದ ಎರಡು ಬಾಣ ಹೊಡೆಯಿರಿ. ಗರಿ ತಪ್ಪನ್ನು ತಿದ್ದಿ ಮುಚ್ಚಿಬಿಡುತ್ತದೆ, ಬರಿ ಬಾಣ ಮುಚ್ಚುವುದಿಲ್ಲ. ಗರಿಯಿರುವ ಬಾಣಗಳೇ ಚದುರಿದ್ದರೆ ಫಲಿತಾಂಶ ಓದಬೇಡಿ, ಮತ್ತೆ ಹೊಡೆಯಿರಿ. ಮೇಲು ಕೆಳಗನ್ನು ಮೊದಲು ತಿದ್ದಿ: ಬರಿ ಬಾಣ ಗುಂಪಿಗಿಂತ ಕೆಳಗೆ ನಾಟಿದರೆ ನಾಕಿಂಗ್ ಪಾಯಿಂಟ್ ಎತ್ತರವಾಗಿದೆ, ಮೇಲೆ ನಾಟಿದರೆ ತಗ್ಗಾಗಿದೆ. ಒಂದು ಸಲಕ್ಕೆ ಒಂದು ಮಿಲಿಮೀಟರ್ ಸರಿಸಿದರೆ ಸಾಕು.

ಪ್ಲಂಜರ್ ಮುಟ್ಟುವುದು ಇನ್ನು ಮೇಲೆ. ಬಲಗೈಯವರಿಗೆ ಬರಿ ಬಾಣ ಎಡಕ್ಕೆ ಹೋದರೆ ಬಾಣ ಗಡುಸು: ಸ್ಪ್ರಿಂಗ್ ಸಡಿಲಿಸಿ, ಇಲ್ಲವೇ ಭಾರದ ಮೊನೆ ಹಾಕಿ. ಬಲಕ್ಕೆ ಹೋದರೆ ಮೆದು: ಸ್ಪ್ರಿಂಗ್ ಬಿಗಿಮಾಡಿ. ಎಡಗೈಯವರಿಗೆ ಇದು ತಿರುವುಮುರುವು. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ತಿರುಗಿಸಿದ್ದನ್ನು ಬರೆದಿಡಿ. ಅಂತರ ಗೇಣಿನಷ್ಟಿದ್ದರೆ ಪ್ಲಂಜರ್ ಏನೂ ಮಾಡಲಾರದು, ಶಾಫ್ಟೇ, ಅಂದರೆ ಬಾಣದ ಕಡ್ಡಿಯೇ, ಬಿಲ್ಲಿಗೆ ಹೊಂದುತ್ತಿಲ್ಲ. ಮೆದು ಬಾಣವನ್ನು ಕತ್ತರಿಸಿ ಗಡುಸು ಮಾಡಬಹುದು, ಆದರೆ ಕತ್ತರಿಸಿದ್ದು ಮತ್ತೆ ಸೇರದು. ಪ್ರತಿ ಸಲವೂ ಕಾಲಿಂಚು ಮಾತ್ರ ತೆಗೆಯಿರಿ.

ನಡುವೆ ಲಿಂಬ್ ಬೋಲ್ಟ್ (ಬಿಲ್ಲಿನ ಬಾಗುವ ತೋಳುಗಳಾದ ಲಿಂಬ್‌ಗಳನ್ನು ಹಿಡಿಯುವ ಬೋಲ್ಟ್) ತಿರುಗಿಸಿದಿರಾ? ಬ್ರೇಸ್ ಹೈಟ್, ಟಿಲ್ಲರ್ (ಮೇಲಿನ ಮತ್ತು ಕೆಳಗಿನ ಲಿಂಬ್‌ಗಳಿಂದ ಹೆದೆಗಿರುವ ಅಂತರಗಳ ವ್ಯತ್ಯಾಸ) ಎರಡೂ ಕದಲಿರುತ್ತವೆ. ಮತ್ತೆ ಹೆದೆಯಿಂದಲೇ ಶುರುಮಾಡಿ.