ಕವಳದ ಬಟ್ಟಲಲ್ಲೇ ಇರ್ತಿತ್ತು

ಅಮ್ಮನ ಹಲ್ಲಿನ ಸೆಟ್ ತರಲು ಈ ವಾರ ಶಿರಸಿಗೆ ಹೋಗಿದ್ದೆವು. ಸಣ್ಣ ಕ್ಲಿನಿಕ್, ನಡುವೆ ಪರದೆ ಮಾತ್ರ. ಒಳಗಿನ ಮಾತೆಲ್ಲ ಹೊರಗೆ ಕೇಳುತ್ತದೆ. ನಮಗಿಂತ ಮೊದಲು ಹತ್ತನೇ ಕ್ಲಾಸಿನ ಒಬ್ಬ ಹುಡುಗ ಅಮ್ಮನ ಜೊತೆ ಒಳಗೆ ಹೋಗಿದ್ದ.

"ಬಾಯಿ ತೆಗಿ ತಮಾ. ನಿನ್ನ ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹಾಕು" ಅಂದರು ಡಾಕ್ಟರ್.

ಎರಡೇ ಹೋದವು.

ಅವನು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮುಟ್ಟುತ್ತಿಲ್ಲವಂತೆ. ಖಾರ ತಿಂದರೆ ಬಾಯಿ ಉರಿಯುತ್ತದಂತೆ. ಈಗಿನ ಮಕ್ಕಳಿಗೆ ಮನೆ ಊಟ ಸೇರುವುದಿಲ್ಲ ಅಂತ ಅವನಮ್ಮ ಸುಮ್ಮನಿದ್ದರಂತೆ. ಎಂತ ಹಾಕ್ತಾನೆ ಅಂತ ಡಾಕ್ಟರ್ ಕೇಳಿದರು. "ತಂಬಾಕು ಮುಟ್ಟೂದಿಲ್ಲ ಡಾಕ್ಟ್ರೇ, ಬರೀ ಅಡಿಕೆ ಪ್ಯಾಕೆಟ್" ಅಂದರು ಅವನಮ್ಮ.

"ಎರಡೂ ಕೂಡಿಸಿ ಹಾಕೂದು" ಅಂದ ಹುಡುಗ.

"ಯಾರು ಕಲಿಸಿದ್ದು?"

"ಯಾರೂ ಇಲ್ಲ. ಏಳನೇ ಕ್ಲಾಸಲ್ಲಿ ಶುರು ಮಾಡಿದ್ದೆ. ಮನೇಲಿ ಕವಳದ ಬಟ್ಟಲಲ್ಲೇ ಇರ್ತಿತ್ತು."

ಕವಳ ಅಂದರೆ ನಮ್ಮ ಕಡೆ ಎಲೆ-ಅಡಿಕೆ; ಬಟ್ಟಲಲ್ಲಿ ಹೊಗೆಸೊಪ್ಪೂ ಇರುತ್ತದೆ. ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಪರದೆಯಾಚೆ ಅವನಮ್ಮ ಮತ್ತೆ ಬಾಯಿ ಬಿಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ನನ್ನ ಪಕ್ಕ ಕೂತಿದ್ದ ಹಿರಿಯರ ಮೇಲೆ. "ನಾವೂ ಚಿಕ್ಕಂದಿನಿಂದ ಹಾಕ್ತೇವಪ್ಪ, ಎಂತ ಆಯ್ತು?" ಅಂದುಬಿಟ್ಟರು, ಒಳಗೆ ಕೇಳುವ ಹಾಗೆ. ಅವರಿಗೆ ಏನೂ ಆಗದೇ ಇರಬಹುದು. ಆದರೆ ಬಾಯಿ ತೆರೆಯಲಾಗದ ಮಗುವಿಗೆ ಕೇಳಿಸುವ ಮಾತೇ ಅದು?

ಬಾಯಿ ತೆರೆಯಲಾಗದಂತೆ ಮಾಡುವ ಈ ರೋಗದಲ್ಲಿ (ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್) ಕೆನ್ನೆಯ ಒಳಪದರ ಬಿಗಿಯುತ್ತಾ, ಗಟ್ಟಿಯಾಗುತ್ತಾ ಹೋಗುತ್ತದೆ. ಮುಖ್ಯ ಕಾರಣ ಅಡಿಕೆ. ತಂಬಾಕು ಸೇರಿದರೆ ಕ್ಯಾನ್ಸರಿನ ಭಯ ಇನ್ನೂ ಜಾಸ್ತಿ, ಚಟ ಬಿಡುವುದೂ ಕಷ್ಟ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಇವತ್ತೇ ಬಿಟ್ಟರೆ ಮುಂದೆ ಹೋಗುವುದನ್ನು ತಡೆಯಬಹುದು, ಬಿಗಿದದ್ದು ಪೂರ್ತಿ ಸರಿಯಾಗುವುದು ಕಷ್ಟ ಅಂತ ಡಾಕ್ಟರ್ ಹುಡುಗನಿಗೇ ಹೇಳಿದರು. ಗದರಲಿಲ್ಲ. ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟು ದಿನಾ ಬಾಯಿ ಅಗಲಿಸುವ ವ್ಯಾಯಾಮ ತೋರಿಸಿದರು. ಒಳ್ಳೆಯ ಮನುಷ್ಯ.

ಕಾನೂನು ಇಲ್ಲ ಅಂತಲ್ಲ. 2003ರ ಕಾಯ್ದೆಯಂತೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಅಡಿಕೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಬಂತು. ಎರಡನ್ನೂ ಕೂಡಿಸಿಕೊಳ್ಳುವುದು ಈ ಹುಡುಗನಿಗೂ ಗೊತ್ತು. 2025ರಲ್ಲಿ ನಮ್ಮ ರಾಜ್ಯ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಒಳ್ಳೆಯದೇ. ಆದರೆ ಜಗಲಿಯ ಬಟ್ಟಲಿಗೆ ಯಾವ ಇನ್ಸ್‌ಪೆಕ್ಟರ್ ಬರುತ್ತಾನೆ?

ನಮ್ಮ ಮನೆಯಲ್ಲೂ ಬಟ್ಟಲಿದೆ. ಬಂದವರಿಗೆ ಕುಡಿಯಲು ಆಸರಿ ಕೊಟ್ಟ ಮೇಲೆ ಕವಳ ಮುಂದಿಡದಿದ್ದರೆ ಮರ್ಯಾದೆಯಲ್ಲ. ನಾನು ಓದಿದ್ದೂ ಅಡಿಕೆ ಮಾರಿದ ದುಡ್ಡಿನಲ್ಲೇ. ನಮ್ಮ ಕಡೆ ಈ ಮಾತು ಎತ್ತುವುದು ಕಷ್ಟ, ಎತ್ತಿದರೆ ಬೆಳೆಗಾರರ ಹೊಟ್ಟೆಗೆ ಹೊಡೆದ ಹಾಗೆ ಕಾಣುತ್ತದೆ. ಕೊಳೆರೋಗ, ದರ ಇಳಿತ ಎಲ್ಲ ನೋಡಿದವಳು ನಾನು, ಆ ಸಂಕಟ ಗೊತ್ತು. ಆದರೂ ಅಡಿಕೆ ಬೆಳೆಯುವ ನಾವೇ ಮಕ್ಕಳಿಗೆ ಇದನ್ನು ಮೊದಲು ಹೇಳಬೇಕು. ಹೊರಗಿನವರು ಬಂದು ಹೇಳಿದರೆ ನಾವು ಕೇಳುವುದಿಲ್ಲ.

ನಮ್ಮ ಬಟ್ಟಲಿನಿಂದ ಹೊಗೆಸೊಪ್ಪು ತೆಗೆದಿಟ್ಟಿದ್ದೇನೆ. ಮಾವನಿಗೆ ಬೇಸರವಾಗಿದೆ, ಎರಡು ದಿನದಿಂದ ಮಾತು ಕಡಿಮೆ. ಮಗಳ ಶಾಲೆಯಲ್ಲಿ ಪಾಲಕರ ಸಭೆ ಹತ್ತಿರ ಬಂತು. ಗೇಟಿನ ಹತ್ತಿರದ ಅಂಗಡಿಯ ಬಗ್ಗೆ ಕೇಳುವವರು ಬೇರೆಯವರಿದ್ದಾರೆ. ಏಳನೇ ಕ್ಲಾಸಿನಿಂದ ಮೇಲಿನ ಎಲ್ಲ ಮಕ್ಕಳ ಬಾಯಿ ತಪಾಸಣೆ ವರ್ಷಕ್ಕೊಮ್ಮೆ ಆಗಲಿ, ಅವತ್ತು ಅಪ್ಪ ಅಮ್ಮಂದಿರೂ ಬರಲಿ ಅಂತ ನಾನು ಕೇಳುತ್ತೇನೆ.