20 ಬಂತು, 20 ಹೋಯ್ತು ಅಂದ ಕೀ ಆನ್ಸರ್

ಉತ್ತರ ಪತ್ರಿಕೆಗಳ ಮೌಲ್ಯಮಾಪನದಲ್ಲಿ ಜಗಳ ಆಗುವುದು ಹೆಚ್ಚಾಗಿ ಅರ್ಧ ಅಂಕಕ್ಕೆ. ಈ ಸಲ ಇಡೀ 3 ಅಂಕದ ಲೆಕ್ಕಕ್ಕೇ ಆಯಿತು. ವ್ಯಾಪಾರಿ ಎರಡು ವಸ್ತುಗಳನ್ನು ತಲಾ 960ಕ್ಕೆ ಮಾರಿದ. ಒಂದರಲ್ಲಿ ಶೇ. 20 ಲಾಭ, ಇನ್ನೊಂದರಲ್ಲಿ ಶೇ. 20 ನಷ್ಟ. ಒಟ್ಟಿನಲ್ಲಿ ಏನಾಯಿತು? ಮೇಲಿಂದ ಬಂದ ಕೀ ಆನ್ಸರ್‌ನಲ್ಲಿ 'ಲಾಭವೂ ಇಲ್ಲ, ನಷ್ಟವೂ ಇಲ್ಲ' ಅಂತಿತ್ತು.

"ಇದು ತಪ್ಪು ಸರ್" ಅಂದೆ. "20 ಬಂತು, 20 ಹೋಯ್ತು, ಇನ್ನೇನು? ಬಂಡಲ್ ಮುಗಿಸಿ" ಅಂದರು ನಮ್ಮ ಮೌಲ್ಯಮಾಪಕರ ತಂಡದ ಚೀಫ್. ನಾನು ಸೂತ್ರ ಒದರಿದೆ. ಮಾರಿದ ಬೆಲೆ ಒಂದೇ, ಶೇಕಡಾವೂ ಒಂದೇ ಆದರೆ ಯಾವಾಗಲೂ ನಷ್ಟವೇ. 20ರ ವರ್ಗ 400, ಅದನ್ನು 100ರಿಂದ ಭಾಗಿಸಿ, ಶೇ. 4 ನಷ್ಟ. ಇಷ್ಟು ಹೇಳಿದರೆ ಮಾತು ಮುಗಿಯುತ್ತದೆ ಅಂದುಕೊಂಡಿದ್ದೆ. ಒಬ್ಬರೂ ಬಾಯಿ ಬಿಡಲಿಲ್ಲ. ಸೂತ್ರ ಕೇಳಿದವರು ಸುಮ್ಮನಾಗುತ್ತಾರೆಯೇ ಹೊರತು ಒಪ್ಪುವುದಿಲ್ಲ. "ಕೋಚಿಂಗ್ ಶಾರ್ಟ್‌ಕಟ್ ಇಲ್ಲಿ ಬೇಡ" ಅಂದರು ಚೀಫ್. ಎಲ್ಲರ ಪೆನ್ನೂ ನಿಂತಿತ್ತು, ಎಲ್ಲರ ಕಣ್ಣೂ ನನ್ನ ಮೇಲೆ.

ಪಕ್ಕದ ಮೇಡಂ ತಲೆ ಎತ್ತದೆ ಕೇಳಿದರು: "ಅವನು ಎಷ್ಟಕ್ಕೆ ಕೊಂಡಿದ್ದ ಸರ್?"

ಚೀಫ್ ರಫ್ ಹಾಳೆ ಎಳೆದುಕೊಂಡರು. 960 ಅಂದರೆ ಮೊದಲನೆಯದರ ಅಸಲಿನ ಶೇ. 120, ಅಸಲು 800. ಎರಡನೆಯದರಲ್ಲಿ ಅದೇ 960 ಶೇ. 80, ಅಸಲು 1200. ಲಾಭ 160, ನಷ್ಟ 240. ಹಾಕಿದ್ದು 2000, ಬಂದದ್ದು 1920. ಇನ್ನೊಮ್ಮೆ ಕೂಡಿದರು. ಆಮೇಲೆ ಫೋನ್ ತೆಗೆದುಕೊಂಡು ಹೊರಗೆ ಹೋದರು.

ಕ್ಲಾಸಿನಲ್ಲೂ ಇದೇ ಕಥೆ. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಮಕ್ಕಳು ಕಣ್ಣು ಮುಚ್ಚಿ ಶೇ. 20 ಅನ್ನುತ್ತಾರೆ. ಲಾಭ ನೋಡಬೇಕಾದ್ದು 80ರ ಮೇಲೆ, ಹಾಗಾಗಿ ಶೇ. 25. ಈಗ ನನ್ನ ಕ್ಲಾಸಿನಲ್ಲಿ ಮೊದಲ ಸಾಲು ಕೊಂಡ ಬೆಲೆಯದ್ದೇ. ಗೊತ್ತಿಲ್ಲದಿದ್ದರೆ 100 ಅಂತ ಇಟ್ಟುಕೊಳ್ಳಲಿ. ಪಾಠ ಯೋಜನೆಯ ಫಾರ್ಮಿನಲ್ಲಿ ಸಾವಿರ ಕಾಲಂ ಇವೆ, ಇದಕ್ಕೊಂದಿಲ್ಲ.

ತಿದ್ದಿದ ಕೀ ಬಂದದ್ದು ಸಂಜೆ. ಕಟ್ಟಿಟ್ಟ ಬಂಡಲ್ ಎಲ್ಲ ಬಿಚ್ಚಿ, ಟೋಟಲ್ ಮತ್ತೆ ಹಾಕಿ, ಪ್ರತಿ ತಿದ್ದುಪಡಿಗೂ ಸಹಿ. ಕೀ ಬರೆದವರು ಆಗ ಮನೆ ಸೇರಿರುತ್ತಾರೆ, ಅಲ್ವಾ? ಒಂದು ಉತ್ತರ ಪತ್ರಿಕೆಯಲ್ಲಿ 'ಶೇ. 4 ನಷ್ಟ' ಅಂತ ಒಂದೇ ಸಾಲಿತ್ತು. ಹಂತ ಬರೆಯದಿದ್ದರೆ ಅಂಕ ಹಂಚುವ ಸ್ಕೀಮಿನ ಪ್ರಕಾರ 1 ಅಂಕ. ಕೊಟ್ಟು ಸಹಿ ಹಾಕಿದೆ.