ಆಫೀಸು, ಮನೆ ಎರಡನ್ನೂ ಅವಳು ಹೇಗೆ ನಿಭಾಯಿಸ್ತಾಳೆ ಅಂದರೆ...

ಊರಿಗೆ ಬಂದಾಗಲೆಲ್ಲ, ವಿಷಯ ಗೊತ್ತಿರುವ ನಾಲ್ಕೈದು ಗೆಳತಿಯರು ಇದನ್ನೇ ಕೇಳುತ್ತಾರೆ. "ಅಲ್ಲ ಕಣೇ, ಚೀನಾದಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ದುಡಿಸ್ತಾರಂತೆ. ಅದರ ಮೇಲೆ ನೀವಿಬ್ಬರೂ ಹೆಂಗಸರು. ಅವಳು ಆಫೀಸು, ಮನೆ ಎರಡನ್ನೂ ಹೇಗೆ ನಿಭಾಯಿಸ್ತಾಳೆ?"

ಅವಳು ಅಂದರೆ ನಮ್ಮನೆಯವಳು. ಹುನಾನ್ ಪ್ರಾಂತ್ಯದ ಸಣ್ಣ ಊರಿನವಳು, ಶಾಂಘೈಯಲ್ಲಿ ಸಾಫ್ಟ್‌ವೇರ್ ಕೆಲಸ, ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ನಾನು ಶಿರಸಿಯವಳು. ಏಳು ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ.

ಪಾತ್ರೆ ಯಾರು ತೊಳೀತಾರೆ ಅಂತ ಕೇಳಿದ್ದರೆ ಉತ್ತರ ಸುಲಭ. ನಾನು ತೊಳೀತೇನೆ, ಅಡುಗೆ ಅವಳದು. ಅದಕ್ಕೆ ನಾವು ಯಾವತ್ತೂ ಜಗಳ ಆಡಿಲ್ಲ.

ಕಷ್ಟ ಇರೋದು ಬೇರೆ ಕಡೆ. ಆಫೀಸಿನಲ್ಲಿ ಅವಳು ಮದುವೆಯಾಗದ ಹುಡುಗಿ. "ನಿನಗೇನು, ಮನೇಲಿ ಕಾಯೋರು ಯಾರಿದ್ದಾರೆ" ಅಂತ ರಾತ್ರಿ ಪಾಳಿ, ಹಬ್ಬದ ಡ್ಯೂಟಿ ಎಲ್ಲ ಅವಳ ತಲೆಗೇ ಕಟ್ಟುತ್ತಾರೆ. ಮದುವೆಯಾದವರಿಗೆ ಶಾಂಘೈಯಲ್ಲಿ 10 ದಿನ ಮದುವೆ ರಜೆ ಸಿಗುತ್ತದೆ, ಹೆರಿಗೆಗೆ 158 ದಿನ. ಅವಳಿಗೆ ಇವೆರಡೂ ಇಲ್ಲ. ಊರಿನಲ್ಲಿ ಇದೇ ಕತೆ ತಿರುವುಮುರುವು. "ಕೆಲಸ ಜಾಸ್ತಿ ಅಮ್ಮ, ಹುಡುಗನನ್ನು ನೋಡೋಕೆ ಟೈಮೇ ಇಲ್ಲ." ಅಂದರೆ ಮನೆಯವರ ಮುಂದೆ ಆಫೀಸಿನ ನೆಪ, ಆಫೀಸಿನಲ್ಲಿ ಕೇಳಿದರೆ "ಅಪ್ಪ ಅಮ್ಮ ಹುಡುಕ್ತಾ ಇದ್ದಾರೆ" ಅನ್ನೋ ನೆಪ. ಎರಡನ್ನೂ ತೂಗಿಸಿಕೊಂಡು ಹೋಗ್ತಾಳೆ ಅಂತ ನೀವು ಅಂದುಕೊಂಡಿದ್ದೀರಿ. ಅವಳು ಒಂದರ ಹಿಂದೆ ಇನ್ನೊಂದನ್ನು ಬಚ್ಚಿಡುತ್ತಾಳೆ, ಅಷ್ಟೇ.

ಇದರಲ್ಲಿ ತಮಾಷೆಯ ಭಾಗವೂ ಇದೆ. ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ, ಇದಕ್ಕೆ ಅಲ್ಲಿ '996' ಅಂತ ಹೆಸರು. 2019ರಲ್ಲಿ ಪ್ರೋಗ್ರಾಮರ್‌ಗಳು ಇದರ ವಿರುದ್ಧ ಆನ್‌ಲೈನಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದರು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದು ಕಾನೂನಿಗೆ ವಿರುದ್ಧ ಅಂತ ಹೇಳಿತು. ಎಲ್ಲರೂ ಖುಷಿಪಟ್ಟರು. ಅದೇ ವಾರ ಅವಳಮ್ಮ ಆ ಸುದ್ದಿಯನ್ನು ವೀಚಾಟ್‌ನಲ್ಲಿ ಕಳಿಸಿ ಕೆಳಗೆ ಬರೆದಿದ್ದರು: "ಇನ್ನು ಟೈಮ್ ಇದೆಯಲ್ಲ?" ಜೊತೆಗೆ ಒಬ್ಬ ಹುಡುಗನ ಫೋಟೋ. ಓವರ್‌ಟೈಮ್ ಕಡಿಮೆಯಾಯಿತಲ್ಲ ಅಂತ ಮುಖ ಸಪ್ಪಗೆ ಮಾಡಿಕೊಂಡು ಕೂತವಳನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಹೇಳಿಬಿಡಬಾರದಾ?" ಅಂತೀರಿ. ಅಲ್ಲಿ ಇದು ಅಪರಾಧವೇನಲ್ಲ. ಮೊದಲು ಇಂಥವರನ್ನು ಹಿಡಿಯೋಕೆ ಬಳಸುತ್ತಿದ್ದ ಪುಂಡಾಟಿಕೆಯ ಕಲಮನ್ನು 1997ರಲ್ಲಿ ಕಾನೂನಿನಿಂದ ತೆಗೆದ ಮೇಲೆ ಜೈಲಿನ ಹೆದರಿಕೆ ಹೋಯಿತು, 2001ರಲ್ಲಿ ಮನೋರೋಗಗಳ ಪಟ್ಟಿಯಿಂದಲೂ ಕೈಬಿಟ್ಟರು. ಆದರೆ ಮದುವೆಗೆ ದಾರಿಯಿಲ್ಲ. ಮದುವೆಯಾಗದ ಹೆಂಗಸು ಆಸ್ಪತ್ರೆಗೆ ಹೋಗಿ ಅಂಡಾಣು ಫ್ರೀಜ್ ಮಾಡಿಸುವ ಹಾಗೂ ಇಲ್ಲ. ಇದಕ್ಕಾಗಿ ಬೀಜಿಂಗಿನಲ್ಲಿ ಒಬ್ಬಾಕೆ ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಅಲೆದು, 2024ರಲ್ಲಿ ಕೊನೆಯ ಮೇಲ್ಮನವಿಯಲ್ಲೂ ಸೋತಳು. ಇರೋದು ಒಂದು ಕಾಗದ. 2017ರಿಂದ ಯಾರು ಬೇಕಾದರೂ ತನಗೆ ಇಷ್ಟವಾದವರನ್ನು, ಮುಂದೆ ತಾನೇ ನಿರ್ಧಾರ ತೆಗೆದುಕೊಳ್ಳಲಾಗದ ಕಾಲಕ್ಕೆ ತನ್ನ ಗಾರ್ಡಿಯನ್ ಅಂತ ಬರೆದಿಡಬಹುದು. ನಮ್ಮ ಗೆಳತಿಯರ ಒಂದು ಜೋಡಿ ನೋಟರಿ ಕಚೇರಿಗೆ ಹೋಗಿ ಅದನ್ನು ಮಾಡಿಸಿದೆ, ಯಾಕೆಂದರೆ ಅವರಲ್ಲೊಬ್ಬಳಿಗೆ ಆಪರೇಷನ್ ಆದಾಗ "ಮನೆಯವರ ಸಹಿ ಬೇಕು" ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು, ಮನೆಯವಳು ಅಲ್ಲೇ ಎದುರಿಗೆ ಕೈಕಟ್ಟಿಕೊಂಡು ನಿಂತಿದ್ದಳು.

ಇನ್ನು ಕೆಲವರು 'ಶಿಂಗ್‌ಹುನ್' ಮಾಡಿಕೊಳ್ಳುತ್ತಾರೆ. ಹೆಂಗಸರನ್ನು ಇಷ್ಟಪಡುವ ಹೆಂಗಸು, ಗಂಡಸರನ್ನು ಇಷ್ಟಪಡುವ ಗಂಡಸು, ಇಬ್ಬರೂ ಅಪ್ಪ ಅಮ್ಮನ ಸಮಾಧಾನಕ್ಕೆ ಕಾಗದದ ಮೇಲೆ ಗಂಡ ಹೆಂಡತಿ. ಇವಳಿಗೂ ಒಂದು ಪ್ರಸ್ತಾಪ ಬಂದಿತ್ತು. "ಒಬ್ಬ ಅಮ್ಮನಿಗೆ ಸುಳ್ಳು ಹೇಳಿಯೇ ಸಾಕಾಗಿದೆ, ಇನ್ನು ಅತ್ತೆಯನ್ನೂ ಕಟ್ಟಿಕೊಳ್ಳಲಾ?" ಅಂದಳು.

ಭಾಷೆ ಮಾತ್ರ ನಮ್ಮ ಕೈಹಿಡಿದಿದೆ. ಚೀನೀ ಮಾತಿನಲ್ಲಿ ಅವನು, ಅವಳು ಎರಡೂ 'ತಾ'. ಬರೆದರೆ ಮಾತ್ರ ಬೇರೆ ಬೇರೆ. ಹಾಗಾಗಿ ಕ್ಯಾಂಟೀನಿನಲ್ಲಿ "ನಿನ್ನೆ ತಾ ಒಲೆ ಆರಿಸೋಕೆ ಮರೆತು ಪಾತ್ರೆ ಸೀದುಹೋಯ್ತು" ಅಂತ ಆರಾಮಾಗಿ ಬೈಯುತ್ತಾಳೆ. ನಾನು ಕನ್ನಡದಲ್ಲಿ ಇದನ್ನೇ ಮಾಡೋದು. "ನಮ್ಮನೆಯವರು ಆಫೀಸಿಗೆ ಹೋಗಿದ್ದಾರೆ" ಅಂದರೆ ಯಾರಿಗೆ ಏನು ಗೊತ್ತಾಗುತ್ತೆ ಹೇಳಿ.

ಅವಳಮ್ಮನನ್ನು ನಾನು 'ಆಯಿ' ಅಂತ ಕರೆಯುತ್ತೇನೆ. ಚೀನಾದಲ್ಲಿ ಅದು ಆಂಟಿ ಅಂದ ಹಾಗೆ, ಯಾರನ್ನಾದರೂ ಕರೆಯಬಹುದು. ನಮ್ಮ ಶಿರಸಿ ಕಡೆ ಆಯಿ ಅಂದರೆ ಅಮ್ಮನೇ. ಇದನ್ನು ಅವರಿಗೆ ನಾನು ಇನ್ನೂ ಹೇಳಿಲ್ಲ.

ಹೋದ ವರ್ಷ ಆಯಿ ಒಂದು ವಾರ ಬಂದಿದ್ದರು. ಎರಡನೇ ಕೋಣೆಯನ್ನು 'ನನ್ನ ಕೋಣೆ' ಮಾಡಿದೆವು. ಮಂಚಕ್ಕೆ ಹೊಸ ಹಾಸು, ಮೇಜಿನ ಮೇಲೆ ನನ್ನ ಪುಸ್ತಕ, ಬಾಗಿಲ ಹಿಂದೆ ನನ್ನ ಕೋಟು. ಭಾನುವಾರ ಅವರು ನಮ್ಮನ್ನು ಪೀಪಲ್ಸ್ ಪಾರ್ಕಿಗೆ ಕರೆದುಕೊಂಡು ಹೋದರು. ವಾರಾಂತ್ಯದಲ್ಲಿ ಅಲ್ಲಿ ಅಪ್ಪ ಅಮ್ಮಂದಿರು ಕೊಡೆ ಬಿಚ್ಚಿಟ್ಟು, ಅದರ ಮೇಲೆ ಮಕ್ಕಳ ಜಾತಕದಂಥ ಚೀಟಿ ಅಂಟಿಸಿ ಕೂತಿರುತ್ತಾರೆ. ಹುಟ್ಟಿದ ವರ್ಷ, ಎತ್ತರ, ಸಂಬಳ, ಮನೆ ಇದೆಯಾ ಇಲ್ಲವಾ. ಆಯಿ ಒಂದೊಂದೇ ಕೊಡೆಯ ಮುಂದೆ ಬಗ್ಗಿ ಓದಿದರು. ನಮ್ಮನೆಯವಳು ಫೋನಿನಲ್ಲಿ ಆಫೀಸಿನ ಕರೆ ಬಂದ ಹಾಗೆ ನಟಿಸುತ್ತಾ ದೂರ ಹೋದಳು. ಕೊಡೆಗಳ ನಡುವೆ ಉಳಿದವಳು ನಾನು. ಒಬ್ಬ ಅಜ್ಜಿ ನನ್ನ ಸಂಬಳವನ್ನೂ ಕೇಳಿದರು.

ಹೊರಡುವ ದಿನ ಬೆಳಿಗ್ಗೆ ಆಯಿ ಒದ್ದೆ ಬಟ್ಟೆ ಹಿಡಿದು 'ನನ್ನ' ಮಂಚದ ತಲೆಯ ಕಡೆ, ಗೋಡೆಗೆ ತಾಗಿದ ಸಂದಿಯನ್ನು ಒರೆಸುತ್ತಿದ್ದರು. ಬಟ್ಟೆ ಕಪ್ಪಗಾಗಿತ್ತು. "ಮಲಗದ ಮಂಚಕ್ಕೆ ಧೂಳು ಜಾಸ್ತಿ" ಅಂದರು. ಮತ್ತೇನೂ ಅನ್ನಲಿಲ್ಲ. ಓಹ್, ಒಪ್ಪಿಕೊಂಡರು ಅಂತ ನೀವು ಖುಷಿಪಡೋದು ಬೇಡ. ಮುಂದಿನ ತಿಂಗಳು ಮತ್ತೊಬ್ಬ ಹುಡುಗನ ಫೋಟೋ ಬಂತು.

ನನ್ನ ಪಾಡು ಚುಟುಕಾಗಿ ಹೇಳುತ್ತೇನೆ. ನನ್ನ ವಾಸದ ಪರವಾನಗಿ ಇರೋದು ಕೆಲಸದ ಮೇಲೆ, ಹೆಂಡತಿ ಅನ್ನೋ ಲೆಕ್ಕದಲ್ಲಿ ಸಿಗಲ್ಲ. ಕೆಲಸ ಹೋದರೆ ಮನೆಯೂ ಹೋದ ಹಾಗೆ. ಹಾಗಾಗಿ ಕೆಲಸ ಮುಖ್ಯವಾ ಸಂಸಾರ ಮುಖ್ಯವಾ ಅಂತ ಯಾರಾದರೂ ಕೇಳಿದರೆ ನಗು ಬರುತ್ತೆ.

ಈ ಸಲದ ಹೊಸ ವರ್ಷದ ಹಬ್ಬಕ್ಕೆ ಅವಳೇ ಕೈಯೆತ್ತಿ ಡ್ಯೂಟಿ ಕೇಳಿ ತೆಗೆದುಕೊಂಡಳು. ಸರ್ಕಾರಿ ಹಬ್ಬದ ದಿನ ದುಡಿದರೆ ಮೂರು ಪಟ್ಟು ಸಂಬಳ, ಅದೊಂದು. ಜೊತೆಗೆ ನಾಲ್ಕು ಗಂಟೆಯ ಕೆಲಸ, ಅದನ್ನೂ ಮನೆಯಿಂದಲೇ ಮಾಡಬಹುದು. ಊರಿಗೆ ಮಾತ್ರ "ಬಾಸ್ ಬಿಡ್ತಾ ಇಲ್ಲ, ಆಫೀಸಿನಲ್ಲೇ ಇರಬೇಕು" ಅಂದಿದ್ದಳು. ರಾತ್ರಿ ಆಯಿ ಫೋನ್ ಮಾಡಿದರು. ಪುಣ್ಯಕ್ಕೆ ವಿಡಿಯೋ ಅಲ್ಲ. ನಾವು ಅವರೇ ಪಾರ್ಸೆಲ್ ಕಳಿಸಿದ ಕೆಂಪು ಮೆಣಸಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ಅನ್ನ ಉಣ್ಣುತ್ತಿದ್ದೆವು. "ಆ ನಿಮ್ಮ ಬಾಸ್‌ಗೆ ಅಪ್ಪ ಅಮ್ಮ ಇಲ್ವಾ?" ಅಂತ ಶುರು ಮಾಡಿದರು. ಖಾರ ನೆತ್ತಿಗೇರಿ ನನಗೆ ಕೆಮ್ಮು ಬಂತು. ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ.

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಆಯಿ ಹೇಳಿದರು: "ಇಂಡಿಯಾದವಳಿಗೂ ಇವತ್ತು ನಿಮ್ಮ ಆಫೀಸಿನಲ್ಲೇ ಕೆಲಸವಾ? ಅವಳಿಗೆ ಬಿಸಿನೀರು ಕೊಡು."